ಹೊಗೆಸೊಪ್ಪು ಬಿಡದೆ ವಿಟಮಿನ್ ನುಂಗಿದರೆ?

ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಆಂಟಿಆಕ್ಸಿಡೆಂಟ್ (ಕೋಶಗಳ ಹಾನಿ ತಗ್ಗಿಸುವ ವಿಟಮಿನ್ ಸಿ, ಇ ಥರದ) ಮಾತ್ರೆ ಕೊಳ್ಳುವ ಮೊದಲು ತಂಬಾಕಿನ ನಿಕೋಟಿನ್ ಯಾವ ದಾರಿಯಲ್ಲಿ ಒಳಹೋಗುತ್ತಿದೆ ಎಂದು ನೋಡಬೇಕು. "ನಾನೇನು ಸಿಗರೇಟ್ ಸೇದಲ್ಲ, ಎಲೆಅಡಿಕೆ ಜೊತೆ ಚೂರು ಹೊಗೆಸೊಪ್ಪು ಅಷ್ಟೇ" ಅನ್ನುವವರೂ ಲೆಕ್ಕದಿಂದ ಹೊರಗಿಲ್ಲ. ಎಲೆಗೆ ಹಚ್ಚುವ ಸುಣ್ಣ ಬಾಯಿಯನ್ನು ಕ್ಷಾರೀಯವಾಗಿಸುತ್ತದೆ. ಕ್ಷಾರದಲ್ಲಿ ನಿಕೋಟಿನ್ ಕೆನ್ನೆಯ ಒಳಪೊರೆ ದಾಟಿ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಕಡ್ಡಿಪುಡಿ, ಗುಟ್ಕಾದಲ್ಲೂ ಇದೇ ಕಥೆ.

ಯಕೃತ್ತು ನಿಕೋಟಿನ್ ಅನ್ನು ಕೋಟಿನಿನ್ ಆಗಿ ಮಾರ್ಪಡಿಸುತ್ತದೆ. ಐವಿಎಫ್ (ದೇಹದ ಹೊರಗೆ ಗರ್ಭಧಾರಣೆ ಮಾಡಿಸುವ ಚಿಕಿತ್ಸೆ) ವೇಳೆ ಅಂಡಾಣುವಿನ ಸುತ್ತಲಿನ ದ್ರವವನ್ನು ಪರೀಕ್ಷಿಸಿದಾಗ, ಧೂಮಪಾನಿಗಳಲ್ಲಿ ಮಾತ್ರವಲ್ಲ, ಪಕ್ಕದವರ ಹೊಗೆ ಕುಡಿದವರಲ್ಲೂ ಅದು ಸಿಕ್ಕಿದೆ. ಅಂಡಾಣುವನ್ನು ಪೋಷಿಸುವ ಗ್ರ್ಯಾನ್ಯುಲೋಸಾ ಕೋಶಗಳಲ್ಲಿ ಆಕ್ಸಿಡೇಟಿವ್ ಒತ್ತಡ, ಅಂದರೆ ಕೋಶಗಳನ್ನು ಹಾಳುಮಾಡುವ ಚುರುಕು ಆಮ್ಲಜನಕ ಕಣಗಳ ಹೊರೆ, ಹೆಚ್ಚುತ್ತದೆ. ಹೊಗೆಯಲ್ಲಾದರೆ ಬೆಂಜೋಪೈರೀನ್, ಕ್ಯಾಡ್ಮಿಯಂನಂಥ ವಿಷಗಳು ಬೇರೆ. ಸೇದುವವರಿಗೆ ಮುಟ್ಟು ನಿಲ್ಲುವುದು 1ರಿಂದ 4 ವರ್ಷ ಬೇಗ.

ಇಲಿಗಳ ಮೇಲಿನ ಪ್ರಯೋಗಗಳಲ್ಲಿ ವಿಟಮಿನ್ ಇ, ಮೆಲಟೋನಿನ್‌ನಂಥವು ಅಂಡಾಶಯದ ಹಾನಿಯನ್ನು ತಗ್ಗಿಸಿವೆ. ಹೆಂಗಸರಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಬಂಜೆತನಕ್ಕೆ ಆಂಟಿಆಕ್ಸಿಡೆಂಟ್ ಕೊಟ್ಟ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯೂ ಪುರಾವೆ ದುರ್ಬಲ ಎಂದೇ ಹೇಳಿದೆ. ಸತ್ತ ಅಂಡಾಣುವನ್ನಂತೂ ಯಾವ ಮಾತ್ರೆಯೂ ಮರಳಿಸದು. ಆದರೆ ಬೆಳೆಯತೊಡಗಿದ ಅಂಡಕೋಶ (ಅಂಡಾಣುವನ್ನು ಹೊತ್ತ ಪುಟ್ಟ ಚೀಲ) ಬಿಡುಗಡೆಗೆ ಸಿದ್ಧವಾಗಲು ಸುಮಾರು 85 ದಿನ ಬೇಕು. ಹಾಗಾಗಿ ತಂಬಾಕು ಬಿಟ್ಟು ಮೂರು ತಿಂಗಳು ಊಟ ಸರಿಮಾಡಿಕೊಳ್ಳುವುದಕ್ಕೆ ಅರ್ಥವಿದೆ.

ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕೆಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. ಸೇದುವವರಿಗೆ 35 ಹೆಚ್ಚು ಬೇಕು ಎಂಬುದು ಅಮೆರಿಕದ ಶಿಫಾರಸು. ಒಂದು ಸೀಬೆಹಣ್ಣಿನಲ್ಲಿ ಎರಡೂ ಮುಗಿಯುತ್ತವೆ. ಬೆಟ್ಟದ ನೆಲ್ಲಿಕಾಯಿಯಾದರೆ ಹಸಿಯದೇ ಆಗಲಿ, ಬೇಯಿಸಿದ ಮುರಬ್ಬದಲ್ಲಿ ಸಿ ಅಂಶ ಕಡಿಮೆ. ಚಿತ್ರಾನ್ನಕ್ಕೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಜೊತೆಗೆ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ. ಅದು ಮಗುವಿನ ನರನಾಳಕ್ಕೆ, ಅಂದರೆ ಮುಂದೆ ಮೆದುಳು, ಬೆನ್ನುಹುರಿಯಾಗುವ ಭಾಗಕ್ಕೆ.

ಒಂದು ಅಪಾಯ ಮಾತ್ರ ಮರೆಯಬೇಡಿ. ಮಾತ್ರೆ ಡಬ್ಬಿಯ ಮೇಲೆ ಬೀಟಾ ಕ್ಯಾರೋಟಿನ್ ಎಂದಿದ್ದರೆ ಸೇದುವವರು ಮುಟ್ಟಬಾರದು. 1994ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡಿನ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡ ಧೂಮಪಾನಿ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತು. ಕ್ಯಾರೆಟ್ ತಿನ್ನಲು ಅಡ್ಡಿಯಿಲ್ಲ.

ತಂಬಾಕು ಬಿಡಲು ನಿಕೋಟಿನ್ ಗಮ್ ಬಳಸುವವರು ಅದನ್ನು ಚೂಯಿಂಗ್ ಗಮ್‌ನಂತೆ ಅಗಿದು ರಸ ನುಂಗಿ, ಬಿಕ್ಕಳಿಕೆ, ಹೊಟ್ಟೆನೋವು ಬಂತೆಂದು ಎಸೆಯುತ್ತಾರೆ. ಚುರುಗುಟ್ಟುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಡಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ ಬೇಡ, ಅದರ ಆಮ್ಲ ಹೀರಿಕೆಗೆ ಅಡ್ಡ. ಗಮ್‌ನಲ್ಲೂ ನಿಕೋಟಿನ್ ಇರುವುದರಿಂದ ಮುಟ್ಟು ತಪ್ಪಿದರೆ ಮುಂದುವರಿಸುವ ಮುನ್ನ ವೈದ್ಯರನ್ನು ಕೇಳಿ. ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ.