ದೊಡ್ಡವ್ವನ ಬಳೆಯ ಪಿನ್ನು

29 ಡಿಸೆಂಬರ್ 2024, ರವಿವಾರ
ಗಳಗನಾಥ, ಹಾವೇರಿ ಜಿಲ್ಲೆ

ಬೆಳಗ್ಗೆ ಮೂರನೇ ಸಲ ಗಾಳ ಎಸೆದು ರೀಲಿನ ಬೇಲ್ ಮುಚ್ಚಿದೆ. ಕೈ ತೆಗೆದ ಕೂಡಲೇ ಅದು ಜೋತುಬಿತ್ತು. ಬೇಲ್ ಅಂದರೆ ತಂಗೂಸಿಯನ್ನು (ಗಾಳದ ದಾರವನ್ನು) ಹಿಡಿದು ಸ್ಪೂಲಿಗೆ ಸುತ್ತುವ ಬಾಗಿದ ತಂತಿ. ಅದನ್ನು ಹಿಡಿದಿಡುವ ಸ್ಪ್ರಿಂಗ್ ಮುರಿದಿತ್ತು.

ವರದೆ ಬಂದು ತುಂಗಭದ್ರೆಗೆ ಕೂಡುವ ಜಾಗ ಇದು. ಇಲ್ಲಿ ಒಂದು ದಿನ ಕೂರಬೇಕು ಅಂತ ಮಳೆಗಾಲದಿಂದ ಕಾಯುತ್ತಿದ್ದೆ. ಸ್ಪ್ರಿಂಗ್ ಹುಡುಕಿಕೊಂಡು ಹುಬ್ಬಳ್ಳಿಗೆ ಹೋದರೆ ದಿನವೇ ಮುಗಿಯುತ್ತದೆ. ಹೇಗೂ ನಾನು ಬೇಲನ್ನು ಯಾವಾಗಲೂ ಕೈಯಿಂದಲೇ ಮುಚ್ಚುವವನು. ಹಿಡಿ ತಿರುಗಿಸಿ ಮುಚ್ಚಿದರೆ ಸಡಿಲ ತಂಗೂಸಿ ಕುಣಿಕೆಯಾಗಿ ಕೂತು ಮುಂದೆ ಗಂಟಾಗುತ್ತದೆ. ಹಾಗಾಗಿ ಸ್ಪ್ರಿಂಗ್ ಇಲ್ಲದೆಯೇ ಎಸೆದು ನೋಡಿದೆ. ಎಸೆಯುವಾಗ ನಡುವೆಯೇ ಬೇಲ್ ಮುಚ್ಚಿಕೊಂಡಿತು. ತಂಗೂಸಿ ಫಟ್ ಅಂತ ಕಡಿದು, ಗಾಳ, ಸೀಸದ ಗುಂಡು ಎರಡೂ ಹೊಳೆಗೆ ಹೋದವು.

ದೊಡ್ಡವ್ವನ ಮನೆ ಕಟ್ಟೆಯ ಮೇಲೆ ಟವೆಲ್ ಹಾಸಿ ರೀಲ್ ಬಿಚ್ಚಿದೆ. ಟವೆಲ್ ಮೇಲಾದರೆ ಸ್ಕ್ರೂ ಉರುಳಿ ಹೋಗುವುದಿಲ್ಲ. ಒಂದೊಂದು ಭಾಗ ತೆಗೆಯುವಾಗಲೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡೆ. ಮೊದಲು ಪೆನ್ನಿನ ಸ್ಪ್ರಿಂಗ್ ಹಾಕಿ ನೋಡಿದೆ. ಅದು ನೇರಕ್ಕೆ ಒತ್ತುವ ಸ್ಪ್ರಿಂಗ್. ಇಲ್ಲಿ ಬೇಕಿದ್ದದ್ದು ಎರಡು ಕಾಲಿದ್ದು, ತಿರುಚಿದರೆ ವಾಪಸ್ ಬರುವಂಥದ್ದು.

ದೊಡ್ಡವ್ವ ನೋಡುತ್ತಾ ನಿಂತಿದ್ದಳು. ಅವಳ ಬಳೆಗೆ ಸಿಕ್ಕಿಸಿದ ನಾಲ್ಕೈದು ಪಿನ್ನು ಕಂಡವು. ಪಿನ್ನಿನ ಬುಡದಲ್ಲಿ ಒಂದು ಸುತ್ತು, ಅದಕ್ಕೆ ಎರಡು ಕಾಲು! ನನಗೆ ಬೇಕಿದ್ದದ್ದು ಅದೇ.

“ದೊಡ್ಡವ್ವಾ, ಒಂದ್ ಪಿನ್ನ ಕೊಡ್ತೀಯೇನ?”

“ತೊಗೋಪಾ, ದೊಡ್ಡದೇ ತೊಗೋ,” ಅಂದಳು.

ಪಿನ್ನಿನ ತಲೆ, ಮೊನೆ ಎರಡನ್ನೂ ಪಕ್ಕಡ್‌ನಿಂದ ಕತ್ತರಿಸಿದೆ. ಹಾಗೇ ಬಗ್ಗಿಸಿದರೆ ಆ ತಂತಿ ಪಟ್ಟನೆ ಮುರಿಯುತ್ತದೆ. ಮೊದಲನೆಯದು ಮುರಿದೇ ಹೋಯಿತು. ಎರಡನೆಯದರ ತುದಿಗಳನ್ನಷ್ಟೇ ಲೈಟರ್‌ನಲ್ಲಿ ಕೆಂಪಗೆ ಕಾಯಿಸಿ, ತಾನಾಗೇ ಆರಲು ಬಿಟ್ಟು, ಆಮೇಲೆ ಬಗ್ಗಿಸಿದೆ. ಸುತ್ತಿನ ಹತ್ತಿರ ಬೆಂಕಿ ತಾಗಬಾರದು, ತಾಗಿದರೆ ಅದರ ಪುಟಿಯುವ ಗುಣವೇ ಹೋಗುತ್ತದೆ. ಒಂದು ಕಾಲನ್ನು ಸ್ಪೂಲಿನ ಸುತ್ತ ತಿರುಗುವ ರೋಟರ್‌ನ ತೂತಿಗೆ, ಇನ್ನೊಂದನ್ನು ಬೇಲ್ ತೋಳಿಗೆ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿದೆ. ಟಕ್ ಅಂತ ಮುಚ್ಚಿತು! ಮೊದಲಿನಷ್ಟು ಜೋರಿಲ್ಲ, ಆದರೆ ಮುಚ್ಚಿತು. ನಿಜಕ್ಕೂ ಆಗ ಆದ ಖುಷಿ, ಮೀನು ಸಿಕ್ಕರೂ ಅಷ್ಟು ಆಗುತ್ತಿರಲಿಲ್ಲ.

ಬಿಚ್ಚಿದ್ದೇ ಆಯ್ತಲ್ವಾ ಅಂತ, ತಂಗೂಸಿ ಹಾಯುವ ಪುಟ್ಟ ರೋಲರನ್ನೂ ತೆಗೆದು ನೋಡಿದೆ. ಮರಳು ತುಂಬಿತ್ತು. ಅದು ತಿರುಗದಿದ್ದರೆ ತಂಗೂಸಿ ಉಜ್ಜಿ ಸವೆಯುತ್ತದೆ. ಮಾವ ಕೊಬ್ಬರಿ ಎಣ್ಣೆ ತಂದುಕೊಟ್ಟರು. ಅದು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಈ ಚಳಿಗೆ ಬೇಡ ಅಂದೆ. ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಬಿಟ್ಟೆ.

ಮಧ್ಯಾಹ್ನ ಮತ್ತೆ ಹೊಳೆ ದಂಡೆಗೆ ಹೋದೆವು. ಸಂಜೆಯವರೆಗೂ ಪಿನ್ನು ತಡೆಯಿತು. ಎರಡು ಜಿಲೇಬಿ ಮೀನು ಸಿಕ್ಕವು. ಬೇಲನ್ನು ಎಸೆದಾಗಲೆಲ್ಲ ಕೈಯಿಂದಲೇ ಮುಚ್ಚಿದೆ, ಪಿನ್ನಿಗೆ ಭಾರ ಕಡಿಮೆಯಾಗಲಿ ಅಂತ.

ಈಗ ಊಟ ಆಯಿತು. ದೊಡ್ಡವ್ವ ಗಾಳದ ಡಬ್ಬಿ ತೆಗೆಸಿ, ಅದರೊಳಗೆ ಇನ್ನೆರಡು ಪಿನ್ನು ಹಾಕಿ ಮುಚ್ಚಳ ಒತ್ತಿದಳು.