ಗ್ಯಾರಂಟಿ ಬಾಲ್ಕನಿ: ಒಬ್ಬರೇ ಹಡಗು ಹತ್ತುವವರು ಹಣ ಕಟ್ಟುವ ಮೊದಲು ಓದಿ

ನಿಂತರೆ ಸಮುದ್ರ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತರೆ ಕಿತ್ತಳೆ ಬಣ್ಣದ ದೋಣಿಯ ಬೆನ್ನು ಕಾಣುತ್ತಿತ್ತು. ಇಬ್ಬರ ದುಡ್ಡು ಕೊಟ್ಟು ನಾನು ಒಬ್ಬಳೇ ಹಿಡಿದ ಬಾಲ್ಕನಿ ಕೋಣೆ ಅದು. ಎರಡು ರಾತ್ರಿಗೆ 58,000 ರೂಪಾಯಿ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ಟಿಪ್ಸು ಬೇರೆ.

ನಾನು ಕುಂಬಳೆ ಕಡೆಯವಳು. ಮೂವತ್ತು ವರ್ಷ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಈ ಸಲ ನಿವೃತ್ತಿಯಾದೆ. ನಮ್ಮ ಕಾಸರಗೋಡಿನವರಿಗೆ ಸಮುದ್ರ ಹೊಸತಲ್ಲ. ಆದರೆ ನೋಡಿದ್ದೆಲ್ಲ ದಡದಿಂದಲೇ ಅಲ್ವಾ? ಬೇಕಲ ಕೋಟೆಯ ಮೇಲೆ ನಿಂತಾಗಲೆಲ್ಲ, ದೂರದಲ್ಲಿ ಹೋಗುವ ಹಡಗಿನವರಿಗೆ ನಮ್ಮ ಊರು ಹೇಗೆ ಕಾಣುತ್ತದೋ ಎಂದು ಅನಿಸುತ್ತಿತ್ತು. ಚಿಕ್ಕಂದಿನಿಂದ ಇದ್ದ ಆಸೆ. ಅದಕ್ಕೇ ಮುಂಬೈಯಿಂದ ಕೊಚ್ಚಿಗೆ ಬರುವ ಹಡಗು ಆರಿಸಿದೆ. ನಮಗೆ ಈ ದಾರಿ ಅನುಕೂಲವೂ ಹೌದು. ಕಾಸರಗೋಡಿನಲ್ಲಿ ರಾತ್ರಿ ನೇತ್ರಾವತಿ ರೈಲು ಹತ್ತಿದರೆ ಮರುದಿನ ಸಂಜೆ ಮುಂಬೈ. ಬರುವಾಗ ಕೊಚ್ಚಿಯಲ್ಲಿ ಇಳಿದರೆ ಎರ್ನಾಕುಲಂನಿಂದ ಊರಿಗೆ ಬೇಕಾದಷ್ಟು ರೈಲು. ಒಂದೇ ದಾರಿಯಲ್ಲಿ ಎರಡು ಸಲ ಹೋಗಬೇಕಾಗಿಲ್ಲ. ಹಡಗು ತೆಂಕು ದಿಕ್ಕಿಗೆ ಬರುವಾಗ ಕರಾವಳಿ ಎಡಗಡೆ ಇರುತ್ತದೆ. ಎಡಗಡೆಯ ಬಾಲ್ಕನಿಯೇ ಬೇಕು ಎಂದು ಮೊದಲೇ ತೀರ್ಮಾನ ಮಾಡಿದ್ದೆ.

ಏಜೆಂಟ್‌ಗೆ ಫೋನಿನಲ್ಲಿ ಹಾಗೇ ಹೇಳಿದೆ. "ಬಾಲ್ಕನಿ ಗ್ಯಾರಂಟಿ ಅಕ್ಕ, ಟೆನ್ಶನ್ ಬೇಡ" ಅಂದ. ನಾನು ಅದನ್ನು ನಾವೆಲ್ಲ ಆಡುವ ಅರ್ಥದಲ್ಲೇ ತಿಳಿದುಕೊಂಡೆ. ಕೆಲಸ ಆಯ್ತು ಎಂದುಕೊಂಡೆ. ಹಡಗಿನವರ ಭಾಷೆಯಲ್ಲಿ ಗ್ಯಾರಂಟಿ ಎಂದರೆ ಬೇರೆಯೇ. ಬಾಲ್ಕನಿ ಇರುವ ಯಾವುದೋ ಒಂದು ಕೋಣೆ ಕೊಡುತ್ತೇವೆ, ಯಾವುದು ಎಂದು ನಾವು ಆಮೇಲೆ ನಿರ್ಧರಿಸುತ್ತೇವೆ ಎಂದು ಅದರ ಅರ್ಥ. ನಂಬರು ಆರಿಸಿದವರಿಗೆಲ್ಲ ಕೊಟ್ಟು ಮುಗಿದ ಮೇಲೆ ಉಳಿದದ್ದು ನಮಗೆ. ಅದಕ್ಕೆ ದರ ಸ್ವಲ್ಪ ಕಡಿಮೆ. ಆ ಕಡಿಮೆ ದರದ ವಿಷಯವನ್ನೂ ಅವನು ನನಗೆ ಹೇಳಲಿಲ್ಲ. ಹೊರಡುವ ನಾಲ್ಕು ದಿನ ಮೊದಲು ಕೋಣೆ ನಂಬರು ಬಂತು. ಬಲಗಡೆ. ಫೋನ್ ಮಾಡಿ ಕೇಳಿದರೆ, "ಯಾವ ಸೈಡಾದ್ರೂ ಸಮುದ್ರ ಒಂದೇ ಅಲ್ವಾ ಅಕ್ಕ?" ಅಂದ.

ಒಂದೇ ಅಲ್ಲ. ಮುಂದೆ ಹೇಳುತ್ತೇನೆ.

ಒಬ್ಬರೇ ಹೋಗುವವರು ಮೊದಲು ದರದ ಲೆಕ್ಕ ತಿಳಿದುಕೊಳ್ಳಬೇಕು. ಜಾಹೀರಾತಿನಲ್ಲಿ ತಲಾ ಇಷ್ಟು ಎಂದು ಹಾಕಿರುತ್ತಾರೆ. ಅದು ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ಮಾತ್ರ. ಒಬ್ಬರೇ ಆದರೆ ಖಾಲಿ ಇರುವ ಇನ್ನೊಂದು ಜಾಗದ ಹಣವನ್ನೂ ನಾವೇ ಕಟ್ಟಬೇಕು. ಸಿಂಗಲ್ ಸಪ್ಲಿಮೆಂಟ್ ಎನ್ನುತ್ತಾರೆ. ಕೆಲವು ಕಡೆ ಅರ್ಧ, ಹಲವು ಕಡೆ ಪೂರ್ತಿ. ಹೊರದೇಶದ ಕೆಲವು ದೊಡ್ಡ ಹಡಗುಗಳಲ್ಲಿ ಒಬ್ಬರಿಗೆಂದೇ ಸಣ್ಣ ಕೋಣೆಗಳಿವೆ. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಅಂಥ 128 ಕೋಣೆ ಇಟ್ಟಿದ್ದರು, ಆದರೆ ಅವಕ್ಕೆ ಬಾಲ್ಕನಿ ಇಲ್ಲ. ಬಾಲ್ಕನಿಯೇ ಬೇಕು ಎಂದರೆ ಹೆಚ್ಚಾಗಿ ಇಬ್ಬರ ಕೋಣೆಯನ್ನೇ ಹಿಡಿಯಬೇಕಾಗುತ್ತದೆ. ಇಬ್ಬರ ದುಡ್ಡು ಕೊಡುವವರು ನಂಬರು ಆರಿಸುವ ಹಕ್ಕನ್ನು ಮಾತ್ರ ಬಿಟ್ಟುಕೊಡಬೇಡಿ. ಅದಕ್ಕೆ ಬೀಳುವ ಹೆಚ್ಚಿನ ಹಣ, ಒಟ್ಟು ಖರ್ಚಿನ ಮುಂದೆ ಸಣ್ಣದು.

ಮುಂಬೈಯಲ್ಲಿ ಒಂದು ರಾತ್ರಿ ಉಳಿಯಬೇಕಾಯಿತು. ರೈಲು ಇಳಿದ ಕುರ್ಲಾದಲ್ಲೇ, ಸ್ಟೇಷನ್ ಹತ್ತಿರ ಇರಲಿ ಎಂದು ಹಿಡಿದ ಲಾಡ್ಜಿನಲ್ಲಿ ಕಿಟಕಿ ತೆರೆದರೆ ಪಕ್ಕದ ಗೋಡೆ. 2,800 ರೂಪಾಯಿ. ಬೆಳಿಗ್ಗೆ ಬಿಸಿನೀರು ಕೇಳಿದ್ದಕ್ಕೆ ಬಕೆಟಿಗೆ ಇಷ್ಟು ಎಂದು ಬೇರೆ ಕೇಳಿದರು. ಬಂಧುಗಳ ಮನೆ ಇದ್ದರೆ ಸಂಕೋಚ ಬಿಟ್ಟು ಅಲ್ಲಿಗೇ ಹೋಗಿ.

ಆದರೆ ಮರುದಿನದ ಊಟ ಆ ಬೇಸರವನ್ನೆಲ್ಲ ತೆಗೆಯಿತು. ಹಡಗು ಹತ್ತುವುದು ಮಧ್ಯಾಹ್ನದ ಮೇಲೆ. ಹಡಗಿನಲ್ಲೇ ಊಟ ಇರುತ್ತದೆ ಎಂದು ಹೆಚ್ಚಿನವರು ಹಸಿದುಕೊಂಡೇ ಹೋಗುತ್ತಾರೆ. ಹಾಗೆ ಮಾಡಬೇಡಿ. ಕುರ್ಲಾದಿಂದ ಲೋಕಲ್ ಹತ್ತಿದರೆ ಸಯನ್ ಆದ ಮೇಲೆ ಮಾಟುಂಗ. ಸ್ಟೇಷನಿನಿಂದ ಹೊರಗೆ ಬಂದರೆ ಮಾರ್ಕೆಟಿನ ಹತ್ತಿರವೇ, ಮೆಟ್ಟಿಲು ಹತ್ತಿ ಹೋದರೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಇರುವ ಊಟದ ಹೋಟೆಲು. ಕಾಯಬೇಕಾಗುತ್ತದೆ, ನಾನು ಅರ್ಧ ಗಂಟೆ ಕಾದೆ. ಕಾಯುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು "ಯಾವೂರಮ್ಮ?" ಎಂದು ಕನ್ನಡದಲ್ಲೇ ಕೇಳಿದರು. ಕುಂಬಳೆ ಎಂದೆ. "ಓ, ಅನಂತಪುರದ ಹತ್ತಿರ" ಅಂದರು. ಸರೋವರದ ನಡುವಿನ ದೇವಸ್ಥಾನಕ್ಕೆ ಮದುವೆಯಾದ ವರ್ಷ ಬಂದಿದ್ದರಂತೆ. ಬಾಳೆ ಎಲೆ ಹಾಕಿ ಬಡಿಸಿದರು. ಆ ಸಾರು ಇದೆಯಲ್ಲ, ಅದರ ರುಚಿ ನಮ್ಮ ಕಡೆಯ ಮದುವೆ ಊಟದ ಸಾರಿನದ್ದೇ. ಸಿಹಿ ಜಾಸ್ತಿ ಇಲ್ಲ, ಹುಳಿ ಸರಿಯಾಗಿ ನಿಂತಿತ್ತು. ಪಲ್ಯ, ಸಾಂಬಾರು, ಹಪ್ಪಳ, ಕೊನೆಗೆ ಮಜ್ಜಿಗೆ. ಅನ್ನ ಮುಗಿಯುವ ಮೊದಲೇ ಇನ್ನೊಮ್ಮೆ ಬಂದು ಕೇಳುತ್ತಾರೆ. ಒಬ್ಬಳೇ ಬಂದಿದ್ದೀರಾ, ಇಬ್ಬರ ಜಾಗ ಹಿಡಿದಿದ್ದೀರಾ ಎಂದು ಯಾರೂ ಮುಖ ನೋಡಲಿಲ್ಲ. ಒಬ್ಬರ ಊಟಕ್ಕೆ ಒಬ್ಬರ ದುಡ್ಡು. ಹಡಗಿನಲ್ಲಿ ಎರಡು ದಿನ ಎಷ್ಟೋ ಬಗೆ ಇಟ್ಟಿದ್ದರು. ನನಗೆ ಈಗಲೂ ನೆನಪಿರುವುದು ಆ ಸಾರು.

ಅಲ್ಲಿಂದ ಮತ್ತೆ ಲೋಕಲ್ ಹಿಡಿದು ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್. ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ನ ಟರ್ಮಿನಲ್ಲಿಗೆ ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ.

ಕೋಣೆಯ ಬಾಗಿಲು ತೆರೆದಾಗ ಖುಷಿಯೇ ಆಯಿತು. ಚೊಕ್ಕ ಹಾಸಿಗೆ, ಗಾಜಿನ ಬಾಗಿಲು, ಹೊರಗೆ ಎರಡು ಕುರ್ಚಿ. ಹೊರಗೆ ಹೋಗಿ ಬಗ್ಗಿ ನೋಡಿದಾಗ ದೋಣಿ ಕಂಡಿತು. ಅಪಾಯ ಬಂದರೆ ಇಳಿಸುವ ಜೀವರಕ್ಷಕ ದೋಣಿಗಳು. ಅವು ಹಡಗಿನ ಎರಡೂ ಬದಿಗೆ ಸಾಲಾಗಿ ತೂಗುತ್ತಿರುತ್ತವೆ. ದೂರದಿಂದ ಕಾಣಲಿ ಎಂದು ಗಾಢ ಬಣ್ಣ. ಅವು ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಹೊರಡುವ ಮೊದಲು ಎಲ್ಲರನ್ನೂ ಕರೆದು ಜಾಕೆಟ್, ಜಾಗ ಎಲ್ಲ ತೋರಿಸಿದರು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿದ ಮೇಲೆ, ಈ ಕವಾಯತನ್ನು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮಾಡಬೇಕೆಂದು ನಿಯಮ ಬಿಗಿ ಮಾಡಿದರು. ಅದಕ್ಕೆ ತಪ್ಪದೆ ಹೋಗಿ. ನನ್ನ ತಕರಾರು ಇರುವುದು, ದೋಣಿಯ ನೇರ ಮೇಲಿನ ಕೋಣೆಯನ್ನು ಪೂರ್ತಿ ಬಾಲ್ಕನಿ ದರಕ್ಕೆ ಕೊಟ್ಟು, ನೋಟಕ್ಕೆ ಅಡ್ಡ ಇದೆ ಎಂಬ ಮಾತನ್ನು ಎಲ್ಲೂ ಹೇಳದೆ ಇದ್ದದ್ದರಲ್ಲಿ.

ಇನ್ನು ಬಲಗಡೆಯ ಮಾತು. ತೆಂಕಿಗೆ ಹೋಗುವ ಹಡಗಿನ ಬಲಗಡೆ ಎಂದರೆ ಪಡುವಣ. ಏಪ್ರಿಲ್ ತಿಂಗಳು. ಮಧ್ಯಾಹ್ನ ಎರಡಕ್ಕೆ ಬಿಸಿಲು ಒಳಗೆ ಬರಲು ಶುರುವಾಗಿ ಸೂರ್ಯ ಮುಳುಗುವವರೆಗೂ ಬಿಡಲಿಲ್ಲ. ಕಬ್ಬಿಣದ ಕಂಬಿ ಮುಟ್ಟಲು ಆಗುತ್ತಿರಲಿಲ್ಲ. ಗಾಜಿನ ಬಾಗಿಲು ತೆರೆದಿಟ್ಟರೆ ಎಸಿ ತಾನಾಗಿಯೇ ನಿಲ್ಲುತ್ತದೆ, ಮುಚ್ಚಿದರೆ ಬಾಲ್ಕನಿ ಯಾಕೆ? ಸೂರ್ಯಾಸ್ತ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹಡಗಿನ ಬಾಲ್ಕನಿಯಲ್ಲಿ ಒಬ್ಬರೇ ಕೂರುವ ಹೊತ್ತು ಬೆಳಿಗ್ಗೆ. ಎಲ್ಲರೂ ಮಲಗಿರುವಾಗ ಚಹಾ ಹಿಡಿದುಕೊಂಡು ಕೂರುವ ಆ ಒಂದು ಗಂಟೆಗೆ ಸೂರ್ಯ ಹುಟ್ಟುವ ಕಡೆಯೇ ಬೇಕು. ಮುಂಬೈಯಿಂದ ಕೊಚ್ಚಿಗೆ ಬರುವವರು ಎಡಗಡೆ ಕೇಳಿ. ಕೊಚ್ಚಿಯಿಂದ ಮುಂಬೈಗೆ ಹೋಗುವವರಾದರೆ ಬಲಗಡೆ. ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ. ಹಡಗಿನ ಮುಂಭಾಗಕ್ಕೆ ಮುಖ ಮಾಡಿ ನಿಂತಾಗಿನ ಎಡ ಬಲ ಅದು.

ಹಣ ಕಟ್ಟುವ ಮೊದಲು ಡೆಕ್ ಪ್ಲಾನ್ ತರಿಸಿಕೊಳ್ಳಿ. ಪ್ರತಿ ಮಹಡಿಯ ನಕ್ಷೆ ಅದು. ನಿಮ್ಮ ಕೋಣೆಯ ಮೇಲಿನ ಮಹಡಿಯಲ್ಲಿ ಏನಿದೆ, ಕೆಳಗೆ ಏನಿದೆ ಎಂದು ನೋಡಿ. ಎರಡೂ ಕಡೆ ಮಲಗುವ ಕೋಣೆಗಳೇ ಇದ್ದರೆ ನೆಮ್ಮದಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಕೆಳಗೆ ನಾಟಕಶಾಲೆಯೋ ಡ್ಯಾನ್ಸ್ ಹಾಲೋ ಇದ್ದರೆ ನಡುರಾತ್ರಿವರೆಗೆ ಧಡ್ ಧಡ್. ಹಡಗಿನ ತೀರಾ ಮುಂದೆ ಓಲಾಟ ಜಾಸ್ತಿ, ಬಂದರು ಸೇರುವಾಗ ಲಂಗರಿನ ಸರಪಳಿಯ ಸದ್ದು ಬೇರೆ. ತೀರಾ ಹಿಂದೆ ಎಂಜಿನ್ನಿನ ನಡುಕ. ಉದ್ದದಲ್ಲಿ ನೋಡಿದರೆ ನಡುಭಾಗ, ಎತ್ತರದಲ್ಲಿ ಕೆಳಗಿನ ಮಹಡಿ, ಅಲ್ಲಿ ಓಲಾಟ ಅತಿ ಕಡಿಮೆ. ಆದರೆ ಕೆಳಗೆ ಹೋದಷ್ಟೂ ದೋಣಿಗಳ ಸಾಲಿಗೆ ಹತ್ತಿರವಾಗುತ್ತೇವೆ. ಆದ್ದರಿಂದ ದೋಣಿ ಯಾವ ಮಹಡಿಯಲ್ಲಿದೆ ಎಂದು ಕೇಳಿ, ಅದಕ್ಕಿಂತ ಎರಡು ಮಹಡಿ ಮೇಲೆ ಹಿಡಿಯಿರಿ. ಪಕ್ಕದ ಕೋಣೆಗೆ ಒಳಬಾಗಿಲು ಇರುವ ಕೋಣೆಯೂ ಬೇಡ. ಆ ಬಾಗಿಲಿನಿಂದ ಅವರ ಮಾತೆಲ್ಲ ಕೇಳಿಸುತ್ತದೆ, ಒಬ್ಬರೇ ಇರುವ ಹೆಂಗಸರಿಗೆ ಅದು ನೆಮ್ಮದಿಯೂ ಅಲ್ಲ.

ಕೋಣೆಯ ಗೋಡೆ ಹೆಚ್ಚಾಗಿ ಉಕ್ಕಿನದ್ದು. ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಸೀರೆ, ಟವೆಲ್ ಎಲ್ಲ ತೂಗಿಸಬಹುದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಅದನ್ನು ಹತ್ತುವಾಗಲೇ ತೆಗೆದಿಡುತ್ತಾರೆ. ಬಾಲ್ಕನಿಯ ಬಾಗಿಲು ತೆರೆದಿರುವಾಗ ಕೋಣೆಯ ಬಾಗಿಲು ತೆರೆಯಬೇಡಿ, ಗಾಳಿಗೆ ಬಡಿದು ಬೆರಳು ಸಿಕ್ಕಿದರೆ ಗತಿಯಿಲ್ಲ. ಮಳೆಗಾಲದಲ್ಲಿ ಈ ಕಡಲಿಗೆ ಹೋಗುವ ಮಾತೇ ಬೇಡ. ಮೀನು ಹಿಡಿಯುವ ನಮ್ಮ ಮೊಗೇರರನ್ನು ಕೇಳಿದರೆ ಗೊತ್ತಾಗುತ್ತದೆ. ಓಲಾಟಕ್ಕೆ ನಾನು ಒಣಗಿದ ಪುನರ್ಪುಳಿ ಸಿಪ್ಪೆ ಬಾಯಲ್ಲಿ ಇಟ್ಟುಕೊಂಡೆ, ಏಪ್ರಿಲಿನ ಕಡಲಿಗೆ ಅಷ್ಟೇ ಸಾಕಾಯಿತು.

ಕೋಣೆಯ ಟಿವಿಯ ಒಂದು ಚಾನೆಲಿನಲ್ಲಿ ಹಡಗು ಎಲ್ಲಿದೆ ಎಂದು ನಕ್ಷೆ ಬರುತ್ತಿತ್ತು. ಮುಂಬೈ ಅಕ್ಷಾಂಶ 19ರ ಹತ್ತಿರ, ಕೊಚ್ಚಿ 10ರ ಹತ್ತಿರ, ನಮ್ಮ ಕಾಸರಗೋಡು 12.5. ಎರಡನೇ ದಿನ ಸಂಜೆಯಿಂದ ನಾನು ಆ ಅಂಕೆಯನ್ನೇ ನೋಡುತ್ತಾ ಕೂತೆ. ರಾತ್ರಿ ಎಂಟರ ಹೊತ್ತಿಗೆ 12.6 ಬಂತು. ನನ್ನ ಬಾಲ್ಕನಿಯ ಮುಂದೆ ಬರೀ ಕತ್ತಲು. ಊರು ನನ್ನ ಬೆನ್ನ ಹಿಂದೆ, ಗೋಡೆಯ ಆಚೆ. ಶಾಲು ಹೊದ್ದು ಓಡಿದೆ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಮೇಲಿನ ತೆರೆದ ಡೆಕ್ಕಿಗೆ ಹೋಗಿ ಎಡಗಡೆಯ ಕಂಬಿ ಹಿಡಿದು ನಿಂತೆ.

ದಡ ಕಾಣಲಿಲ್ಲ. ನೀರಿನಿಂದ ಇಪ್ಪತ್ತು ಮೀಟರ್ ಎತ್ತರದಲ್ಲಿ ನಿಂತರೆ ಕಡಲ ಅಂಚು ಸುಮಾರು 16 ಕಿಲೋಮೀಟರ್ ದೂರಕ್ಕೆ ಮುಗಿಯುತ್ತದೆ. ಹಡಗು ಅದಕ್ಕಿಂತ ದೂರದಲ್ಲಿತ್ತು. ಇದನ್ನು ಮೊದಲೇ ತಿಳಿದಿರಿ, ಊರು ನೋಡುವ ಆಸೆಗೆಂದೇ ಯಾರೂ ಜಾಸ್ತಿ ದುಡ್ಡು ಕೊಡಬೇಡಿ. ಆದರೆ ಮೀನಿನ ಬೋಟುಗಳು ಕಂಡವು. ಒಂದಲ್ಲ, ಇಪ್ಪತ್ತು ಮೂವತ್ತು ದೀಪ, ಸಾಲಿಲ್ಲದೆ ಹರಡಿಕೊಂಡು. ಆ ಬೋಟುಗಳಲ್ಲಿ ಕೆಲವಾದರೂ ನಮ್ಮ ಕಡೆಯವು ಇರಬಹುದು ಅನಿಸಿತು. ಬೆಳಿಗ್ಗೆ ಅವು ದಡ ಸೇರಿ, ಆ ಮೀನು ಕುಂಬಳೆ ಪೇಟೆಗೂ ಬರಬಹುದು ಅಲ್ವಾ? ಅರ್ಧ ಗಂಟೆ ಅಲ್ಲೇ ನಿಂತೆ. ನನ್ನ ಸ್ವಂತ ಬಾಲ್ಕನಿಯಿಂದ, ನನ್ನ ಕುರ್ಚಿಯಲ್ಲಿ ಕೂತು ಇದನ್ನು ನೋಡಬೇಕಿತ್ತು ಎಂಬ ನೋವು ಈಗಲೂ ಹೋಗಿಲ್ಲ.

ಕೊನೆಗೆ ಬಿಲ್ಲಿನ ವಿಷಯ. ಇದು ತುಂಬ ಮುಖ್ಯ. ಕೋಣೆಗೆ ಇಬ್ಬರ ದರ ಎಂಬುದು ಅವರ ಪದ್ಧತಿ, ಒಪ್ಪಿದೆ. ಆದರೆ ಬಂದರು ಶುಲ್ಕ, ಟಿಪ್ಸು ಸಾಮಾನ್ಯವಾಗಿ ತಲೆಯ ಲೆಕ್ಕ. ಒಬ್ಬರು ಹತ್ತಿದರೆ ಒಬ್ಬರದ್ದೇ. ನನ್ನ ಏಜೆಂಟ್ ಅದನ್ನೂ ಎರಡು ಹಾಕಿದ್ದ. ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬರೆದದ್ದರಿಂದ ಮೊದಲು ಕಣ್ಣಿಗೆ ಬೀಳಲಿಲ್ಲ. ಹಡಗಿನ ರಿಸೆಪ್ಷನ್‌ನಲ್ಲಿ ನನ್ನ ಲೆಕ್ಕ ತೆಗೆಸಿದೆ. ಅಲ್ಲಿ ಒಬ್ಬಳದ್ದೇ ಇತ್ತು. ಆ ಹಾಳೆಯನ್ನು ಪ್ರಿಂಟ್ ಮಾಡಿಸಿ ತಂದೆ. ಊರಿಗೆ ಬಂದು ಅದರ ಫೋಟೋ ಕಳಿಸಿದ ಮೇಲೆ, ಮೂರು ವಾರ ಸತಾಯಿಸಿ 4,300 ರೂಪಾಯಿ ವಾಪಸು ಕೊಟ್ಟ. ಬಾಯಿಮಾತಿನಲ್ಲಿ ಕೇಳಿದ್ದರೆ ಒಂದು ಪೈಸೆ ಬರುತ್ತಿರಲಿಲ್ಲ. ಕೋಣೆ ದರ, ಸಪ್ಲಿಮೆಂಟ್, ಬಂದರು ಶುಲ್ಕ, ಟಿಪ್ಸು, ಜಿಎಸ್‌ಟಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದ ಬಿಲ್ಲು ಕೇಳಿ. ಕೊಡದಿದ್ದರೆ ಬೇರೆಯವರ ಹತ್ತಿರ ಹೋಗಿ.

ಕೊಚ್ಚಿಯಲ್ಲಿ ಇಳಿದದ್ದು ವೆಲ್ಲಿಂಗ್ಡನ್ ದ್ವೀಪದಲ್ಲಿ. ಎರ್ನಾಕುಲಂ ಸೌತ್ ಸ್ಟೇಷನ್ ಅಲ್ಲಿಂದ ದೂರವಿಲ್ಲ. ಆದರೆ ಇಳಿಯುವ ಸಾಲು ಉದ್ದ. ಬೆಳಗ್ಗಿನ ರೈಲಿಗೆ ಟಿಕೆಟ್ ಮಾಡಬೇಡಿ, ಮಧ್ಯಾಹ್ನದ ಮೇಲಿನದ್ದಕ್ಕೆ ಮಾಡಿ.

ನನ್ನ ನಾದಿನಿ ಡಿಸೆಂಬರಿನಲ್ಲಿ ಇದೇ ದಾರಿಯಲ್ಲಿ ಒಬ್ಬಳೇ ಹೊರಟಿದ್ದಾಳೆ. ಮೊನ್ನೆ ಡೆಕ್ ಪ್ಲಾನ್ ಮೇಜಿನ ಮೇಲೆ ಹರಡಿ ಇಬ್ಬರೂ ಕೂತು ನೋಡಿದೆವು. ಎಡಗಡೆ, ನಡುಭಾಗ, ದೋಣಿಗಿಂತ ಎರಡು ಮಹಡಿ ಮೇಲೆ, ಮೇಲೂ ಕೆಳಗೂ ಕೋಣೆಗಳೇ. ಅಂಥವು ಐದು ಸಿಕ್ಕವು. ಅದರಲ್ಲಿ ಒಂದರ ನಂಬರು ರಸೀದಿಯ ಮೇಲೆ ಬರೆಸಿಕೊಂಡ ಮೇಲೆಯೇ ಅವಳು ಹಣ ಕಟ್ಟಿದ್ದು.