ಮಡಿಕೋಲಿನ ಮೇಲೆ 17 ಅಂತ ಇತ್ತು

"ನೀವು ಇದನ್ನ ಒಯ್ದ್ರಂದ್ರ ನಾಳಿ ಮಡಿ ಅರಿವಿ ನಾ ಯಾತರ್ಲೆ ಹಾಕ್ಲಿ?"

ನಮ್ಮ ಅತ್ಯಾ ಕಳೆದ ಭಾನುವಾರ ಕೇಳಿದ ಪ್ರಶ್ನೆ ಇದು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿತ್ತು ಅವಳಿಗೆ. ಕೋಣೆ ತುಂಬ ಜನ ಇದ್ದೆವು, ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ವಾರ ಪೂರ್ತಿ ನನ್ನ ತಲೆಯಲ್ಲಿ ಅದೇ ಪ್ರಶ್ನೆ ಓಡಾಡ್ತಾ ಇದೆ.

ಕೋಲು ಅಂದ್ರೆ ಶಹಾಪುರದ ನಮ್ಮ ಅಜ್ಜನ ಮನೆಯ ಮಡಿಕೋಲು. ಬೆಳಗಾವಿ ಮಳೆ ಗೊತ್ತಲ್ಲ. ಶ್ರಾವಣದಲ್ಲಿ ಹೊರಗೆ ಏನೂ ಒಣಗುವುದಿಲ್ಲ. ಪಡಸಾಲೆಯ ಜಂತಿಯಿಂದ ಎರಡು ಬಿದಿರಿನ ಗಳ ಇಳಿಬಿಟ್ಟಿದ್ದಾರೆ. ಅತ್ಯಾ ಒದ್ದೆ ಸೀರೆಯನ್ನು ಮಡಚಿ, ಕೋಲಿನ ತುದಿಗೆ ಏರಿಸಿ, ಒಂದೇ ಸಲಕ್ಕೆ ಗಳದ ಮೇಲೆ ಹಾರಿಸಿ ಬಿಡಿಸುತ್ತಾಳೆ. ಎಪ್ಪತ್ತು ದಾಟಿದ ಕೈಗೆ ಅಷ್ಟು ಹದ ಎಲ್ಲಿಂದ ಬರುತ್ತದೋ. ಅವಳಿಗಿಂತ ಮೊದಲು ಅಜ್ಜಿ ಇದೇ ಕೋಲಿನಿಂದ ಇದೇ ಕೆಲಸ ಮಾಡುತ್ತಿದ್ದಳು.

ನನ್ನ ಮಗ ಟಿಳಕವಾಡಿಯಲ್ಲಿ ಗೆಳೆಯರ ಜೊತೆ ಪೂಲ್ ಆಡ್ತಾನೆ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ. ಆ ಕೋಲಿಗೆ ಕ್ಯೂ ಅಂತಾರೆ. ಈ ಸಲ ಅತ್ಯಾನ ಮನೆಗೆ ಬಂದವನು ಗೂಟದ ಮೇಲಿದ್ದ ಕೋಲು ನೋಡಿ ಕೂಗಿದ: "ಮಮ್ಮೀ, ಇದು ಪೂಲ್ ಕ್ಯೂ!"

ಅಲ್ಲಿಂದ ಶುರು.

ಅದು ಪೂಲ್ ಕ್ಯೂ ಅಲ್ಲ ಅನ್ನೋದು ಅವನಿಗೇ ಒಂದು ಗಂಟೆಯಲ್ಲಿ ತಿಳಿಯಿತು. ಪೂಲ್ ಕ್ಯೂನ ತುದಿ ಸುಮಾರು 13 ಮಿಲಿಮೀಟರ್ ದಪ್ಪ ಇರುತ್ತದೆ. ಇದರದು 10ಕ್ಕಿಂತ ಹೆಚ್ಚಿಲ್ಲ. ಪೂಲ್ ಕ್ಯೂ ಸಾಮಾನ್ಯವಾಗಿ ನಡುವೆ ಬಿಚ್ಚಿ ಎರಡು ತುಂಡು ಮಾಡುವಂಥದ್ದು, ಇದು ಇಡೀ ಒಂದೇ ಕೋಲು. ತುದಿಗೆ ಕಿರುಬೆರಳಿನ ಉಗುರಿನಷ್ಟು ಅಗಲದ ಹಿತ್ತಾಳೆ ಬಳೆ. ಇಂಗ್ಲಿಷರ ಬಿಲಿಯರ್ಡ್ಸ್, ಸ್ನೂಕರ್ ಕ್ಯೂಗಳ ಗುರುತು ಅದು. ಆ ಹಿತ್ತಾಳೆ ಥಳಥಳ ಅಂತಿತ್ತು. ಅತ್ಯಾ ಏಕಾದಶಿಯ ಮರುದಿನ ದೇವರ ಪಾತ್ರೆ ತಿಕ್ಕುವಾಗ ಇದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳಂತೆ. ಬಳೆಯಿಂದ ಒಂದು ಗೇಣು ಕೆಳಗಿನವರೆಗೆ ಕಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿ ಎಳೆ ಎದ್ದಿತ್ತು. ಒದ್ದೆ ಬಟ್ಟೆಯ ಕೆಲಸ ಅದು. ಅದರ ಕೆಳಗೆ ಮರ ಹೊನ್ನಿನ ಬಣ್ಣ, ಉದ್ದಕ್ಕೂ ಬಾಣದ ಮೊನೆಯಂಥ ಗೆರೆಗಳು. ಆ ಗೆರೆ ಇದ್ದರೆ ಆಶ್ ಮರ. ಮೇಪಲ್ ಆಗಿದ್ದರೆ ಇಷ್ಟು ಎದ್ದು ಕಾಣುವುದಿಲ್ಲ. ಹಿಡಿಕೆ ಕಪ್ಪು, ಎಬನಿ. ಕಪ್ಪು ಮರ ಆಶ್ ಮರದೊಳಗೆ ನಾಲ್ಕು ನಾಲಿಗೆ ಚಾಚಿದಂತೆ ಸೇರಿಕೊಂಡಿತ್ತು. ನಾಲಿಗೆಯ ತುದಿ ಚೂಪಾಗಿದ್ದರೆ ಯಂತ್ರದಲ್ಲಿ ಕೂಡಿಸಿದ್ದು, ದುಂಡಗಿದ್ದರೆ ಕೈಕೆಲಸ. ನಮ್ಮ ಕೋಲಿನದು ದುಂಡಗಿತ್ತು.

ಹಿಡಿಕೆಯ ಬುಡದಲ್ಲಿ 17 ಅಂತ ಒತ್ತಿದ ಗುರುತು. ಮಗ ಕೋಲನ್ನು ಬೀದಿ ತುದಿಯ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯ ಮೇಲೆ ಇಡಿಸಿದ. 470 ಗ್ರಾಂ ಆಸುಪಾಸು. 17 ಔನ್ಸ್ ಅಂದ್ರೆ 482 ಗ್ರಾಂ. ಹಳೆಯ ಕ್ಯೂಗಳ ಮೇಲೆ ತೂಕವನ್ನು ಔನ್ಸಿನಲ್ಲಿ ಹೀಗೆ ಒತ್ತುತ್ತಿದ್ದರು. ತುದಿ ಸವೆದು ಆ ಹನ್ನೆರಡು ಗ್ರಾಂ ಹೋಗಿರಬೇಕು.

ಇಷ್ಟರಲ್ಲಿ ನನ್ನ ಕಾಕಾನ ಮಗ ಪುಣೆಯ ಹಳೆ ಸಾಮಾನಿನ ವ್ಯಾಪಾರಿಯೊಬ್ಬರಿಗೆ ಫೋಟೋ ಕಳಿಸಿಯಾಗಿತ್ತು. ನನ್ನ ತಮ್ಮನೇ ಆದ್ರೂ ಹೇಳ್ತೀನಿ, ಅವನಿಗೆ ಯಾವ ವಸ್ತು ಕಂಡರೂ ಮೊದಲು ಕಾಣೋದು ಬೆಲೆ. ಅಜ್ಜನ ಮನೆಯ ಹಂಡೆ, ಕೊಪ್ಪರಿಗೆ, ಕಟ್ಟಿಗೆಯ ತೊಲೆ ಎಲ್ಲ ಅವನ ಕಣ್ಣಲ್ಲಿ ಒಂದೊಂದು ಮೊತ್ತ. ವ್ಯಾಪಾರಿ ಒಂದೇ ಪ್ರಶ್ನೆ ಕೇಳಿದರು: "ಬ್ಯಾಡ್ಜ್ ಇದೆಯಾ?"

ಬ್ಯಾಡ್ಜ್ ಇರಲಿಲ್ಲ. ಹಿಡಿಕೆಯಲ್ಲಿ ಉದ್ದನೆಯ ಒಂದು ತಗ್ಗು ಮಾತ್ರ ಇತ್ತು. ಬರ್ರೋಸ್ ಅಂಡ್ ವಾಟ್ಸ್, ಥರ್ಸ್ಟನ್, ರೈಲಿಯಂಥ ಇಂಗ್ಲೆಂಡಿನ ತಯಾರಕರು ಅಲ್ಲಿ ಸಣ್ಣ ಬಿಲ್ಲೆ ಕೂಡಿಸುತ್ತಿದ್ದರು. ಯಾರು ಮಾಡಿದ್ದು, ಯಾವ ಆಟಗಾರನ ಹೆಸರಿನದು ಅಂತ ಬರೆದಿರುತ್ತಿತ್ತು. ಕ್ಯೂನ ಜಾತಕವೆಲ್ಲ ಆ ಬಿಲ್ಲೆಯಲ್ಲೇ. ಅದಿಲ್ಲದಿದ್ದರೆ ಬೆಲೆ ನೆಲ ಕಚ್ಚುತ್ತದೆ.

ಅಜ್ಜ ಕ್ಯಾಂಪಿನ ಕಡೆಯ ಒಂದು ಕ್ಲಬ್ಬಿನಲ್ಲಿ ಕಾರಕೂನ ಆಗಿದ್ದ. ದಂಡಿನ ಊರು ನಮ್ಮದು. ಬ್ರಿಟಿಷ್ ಅಧಿಕಾರಿಗಳು ಹೋದಲ್ಲೆಲ್ಲ 12 ಅಡಿ ಉದ್ದದ ಬಿಲಿಯರ್ಡ್ಸ್ ಮೇಜನ್ನೂ ಒಯ್ಯುತ್ತಿದ್ದರು. ಸ್ನೂಕರ್ ಅನ್ನುವ ಆಟ ಹುಟ್ಟಿದ್ದೇ 1875ರಲ್ಲಿ, ಜಬಲಪುರದ ದಂಡಿನಲ್ಲಿ. ನೆವಿಲ್ ಚೇಂಬರ್ಲೇನ್ ಅನ್ನುವ ಹರೆಯದ ಅಧಿಕಾರಿ, ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡು ಸೇರಿಸಿದ ಅಂತ ಕತೆ. ಮುಂದೆ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮ ಬರೆದರು. ಅದೇ ಮೇಜಿನ ಬಿಲಿಯರ್ಡ್ಸ್ ನಮಗೆ ಮೊದಲ ವಿಶ್ವ ಚಾಂಪಿಯನ್ನನ್ನೂ ಕೊಟ್ಟಿತು, 1958ರಲ್ಲಿ ಕಲಕತ್ತೆಯಲ್ಲಿ ಗೆದ್ದ ವಿಲ್ಸನ್ ಜೋನ್ಸ್. ಈಗಿನ ಹುಡುಗರಿಗೆ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಗೊತ್ತು. ಅಜ್ಜ ಆಡಿದ್ದನ್ನು ಮಾತ್ರ ಮನೆಯವರು ಯಾರೂ ನೋಡಿಲ್ಲ. ಕ್ಲಬ್ಬಿನವರು ಹಳೆಯ ಸಾಮಾನು ತೆಗೆದಾಗ ನೌಕರರಿಗೆ ಕೊಟ್ಟರು, ಅಜ್ಜ ಒಂದು ಕೋಲು ಹಿಡಿದುಕೊಂಡು ಬಂದ. ಅಜ್ಜಿಗೆ ಅದು ನೇರ ಕಂಡಿತು, ಹಗುರ ಕಂಡಿತು, ಇಟ್ಟುಕೊಂಡಳು.

ಭಾನುವಾರ ಮನೆಗೆ ಬಂದವರು ಒಬ್ಬ ಹಿರಿಯರು. ಹರೆಯದಲ್ಲಿ ಕ್ಲಬ್ಬುಗಳಲ್ಲಿ ಮಾರ್ಕರ್ ಆಗಿದ್ದವರು. ಸ್ಕೋರ್ ಇಡೋದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹೊಡೆಯೋದು, ಕ್ಯೂಗೆ ಚರ್ಮದ ತುದಿ ಅಂಟಿಸೋದು, ಸದಸ್ಯರಿಗೆ ಜೋಡಿ ಸಿಗದಿದ್ದರೆ ತಾವೇ ನಿಂತು ಆಡೋದು. ಎಲ್ಲರೂ ಅವರನ್ನು ಮಾರ್ಕರ್ ಕಾಕಾ ಅಂತಾರೆ. ಮಗನ ಪೂಲ್ ಅಂಗಡಿಯವರೇ ಹೇಳಿ ಕಳಿಸಿದ್ದು.

ಬಂದವರು ಕೋಲು ನೋಡಿ ಕೈ ಚಾಚಲಿಲ್ಲ. ಗೂಟದ ಮೇಲೆ ಹಾಸಿದ ವಸ್ತ್ರ ನೋಡಿದರು, ಪಕ್ಕದ ದೇವರ ಕೋಣೆ ನೋಡಿದರು. ಅತ್ಯಾನ ಕಡೆ ತಿರುಗಿ "ಮುಟ್ಲೇನ್ರಿ ಬಾಯಾರ?" ಅಂದರು. ಅಷ್ಟು ಹೊತ್ತಿಗೆ ನಮ್ಮ ಮನೆಯ ಗಂಡಸರೆಲ್ಲ ಅದನ್ನು ಹಿಡಿದು, ತಿರುಗಿಸಿ, ಫೋಟೋ ತೆಗೆದು ಮುಗಿದಿತ್ತು. ಕೇಳಿದವರು ಇವರೊಬ್ಬರೇ.

"ಮುಟ್ರೆಪಾ, ಇವತ್ತ ಎಲ್ಲಾರೂ ಮುಟ್ಟ್ಯಾರ" ಅಂದಳು ಅತ್ಯಾ.

ಊಟದ ಮೇಜಿನ ಗಾಜಿನ ಮೇಲೆ ಅವರು ಕೋಲನ್ನು ಮಲಗಿಸಿ ಅಂಗೈಯಿಂದ ಮೆಲ್ಲಗೆ ಉರುಳಿಸಿದರು. ಬಗ್ಗಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು ನೋಡಿದರು. "ಅಡ್ಯಾಗಿಂದ ಬೆಳಕು ಹಣಿಕತದೇನ ನೋಡ್ರಿ" ಅಂತ ನನ್ನನ್ನೂ ಕರೆದರು. ಕೋಲು ಬಾಗಿದ್ದರೆ ಉರುಳುವಾಗ ನಡುವೆ ಬೆಳಕಿನ ಗೆರೆ ಅಗಲ ಆಗುತ್ತಾ, ಕಿರಿದಾಗುತ್ತಾ ಹೋಗುತ್ತದಂತೆ. ಗೆರೆ ಕಾಣಲಿಲ್ಲ. ಇನ್ನೊಮ್ಮೆ ಉರುಳಿಸಿದರು. ಆಗಲೂ ಇಲ್ಲ.

"ಇದನ್ನ ಎಲ್ಲಿ ಇಡತಿದ್ರಿ ಬಾಯಾರ?"

"ಗೂಟದ ಮ್ಯಾಲೆ. ಅಡ್ಡ ಮಲಗಿಸಿ. ನೆಲಕ್ಕ ತಾಗಸೂಹಂಗಿಲ್ಲ, ಗ್ವಾಡಿಗೆ ಆನಿಸೂಹಂಗಿಲ್ಲ."

ಅವರು ಸುಮ್ಮನೆ ತಲೆ ಆಡಿಸುತ್ತಾ ಕೂತರು. ಆಮೇಲೆ ಬಿಡಿಸಿ ಹೇಳಿದರು. ಕ್ಯೂ ಕೆಡೋದು ಆಟದಿಂದ ಕಡಿಮೆ, ಇಡುವ ರೀತಿಯಿಂದ ಜಾಸ್ತಿ. ಗೋಡೆಗೆ ಓರೆಯಾಗಿ ಒರಗಿಸಿದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ, ಅದರ ಮೇಲೆ ನಮ್ಮೂರಿನ ತಂಪು. ಸಾಹೇಬರ ಕಾಲದ ಎಷ್ಟೋ ಒಳ್ಳೆ ಕ್ಯೂಗಳು ಹಾಗೇ ಬಿಲ್ಲಿನಂತೆ ಬಾಗಿ ಹೋಗಿದ್ದನ್ನು ಅವರು ಕಂಡಿದ್ದಾರೆ. ಇದು ಒದ್ದೆ ಸೀರೆ ಹೊತ್ತೂ ನೇರ ಉಳಿದಿದೆ.

ನಂತರ ಆ ತಗ್ಗಿನ ಮೇಲೆ ಬೆರಳಾಡಿಸಿದರು. "ಬಿಲ್ಲಿ ಎಲ್ಲಿ ಹೋತ್ರಿ?"

"ಎಲುಬಿಂದದ ಅಂತ ಯಾರೋ ಅಂದ್ರು. ನಮ್ಮವ್ವ ಕಿತ್ತ ಒಗದ್ಲು. ತುದಿಗಿನ ಚರ್ಮಾನೂ ತಗದ್ಲು. ಮಡಿಗೆ ಹೆಂಗ ನಡೀತದ?"

ಕಾಕಾನ ಮಗ ಹಣೆ ಚಚ್ಚಿಕೊಂಡ. ಲಕ್ಷ ಬೆಲೆಯ ಬಿಲ್ಲೆ ಅಂತ ಅವನೇ ಅಂದುಕೊಂಡುಬಿಟ್ಟಿದ್ದ. ಆ ಬಿಲ್ಲೆಗಳನ್ನು ದಂತದಿಂದಲೂ ಮಾಡಿದ್ದುಂಟು, ಎಲುಬಿನಿಂದಲೂ ಮಾಡಿದ್ದುಂಟು, ಆಮೇಲೆ ನೋಡಲು ಹಾಗೇ ಕಾಣುವ ಸೆಲ್ಯುಲಾಯ್ಡಿನಿಂದಲೂ. ನಮ್ಮದು ಸೆಲ್ಯುಲಾಯ್ಡ್ ಆಗಿದ್ದರೆ ಅಜ್ಜಿ ಸುಮ್ನೆ ಕಿತ್ತಂತಾಯಿತು. ಆನೆದಂತವೇ ಆಗಿದ್ದರೆ ಮಾರೋ ಮಾತೇ ಇರುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಮತ್ತು ಆಮೇಲಿನ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ. ಇದನ್ನು ಅವನಿಗೆ ಹೇಳಿದೆ. ಕೇಳಿಸಿಕೊಳ್ಳಲಿಲ್ಲ.

ಬಿಲ್ಲೆ ಇಲ್ಲದಿದ್ರೂ ಕೈಕೆಲಸದ ಎಬನಿ ಹಿಡಿಕೆ, ಆಶ್ ಮರ, ನೇರ ಇದೆ, ಏನಾದ್ರೂ ಬರುತ್ತೆ ಅಂತ ಅವನು ಹಟ ಹಿಡಿದ. ಚರ್ಮದ ತುದಿ ಹಾಕಿಸಿ ಆಡೋಣ ಅಂದ ನನ್ನ ಮಗ. ಗಾಜಿನ ಪೆಟ್ಟಿಗೆ ಮಾಡಿಸಿ ಹಾಲಿನಲ್ಲಿ ನೇತು ಹಾಕೋಣ, ಕೆಳಗೆ ಅಜ್ಜನ ಫೋಟೋ ಇಡೋಣ ಅಂದರು ನಮ್ಮವರು. ಮಾತು ಜೋರಾಯಿತು. ಆಗಲೇ ಅತ್ಯಾ ಆ ಪ್ರಶ್ನೆ ಕೇಳಿದ್ದು.

ಯಾತರ್ಲೆ ಹಾಕ್ಲಿ?

ಮಾರುಕಟ್ಟೆಯಲ್ಲಿ ಬೇರೆ ಕೋಲು ಸಿಗುತ್ತೆ ಅಂತ ಒಬ್ಬರು ಹೇಳಿಯೇಬಿಟ್ಟರು. ಸಿಗುತ್ತೆ, ಗೊತ್ತು. ಅಲ್ಯೂಮಿನಿಯಂ ಪೈಪೂ ಸಿಗುತ್ತೆ. ಆದರೆ ದಿನಾ ಬೆಳಗ್ಗೆ ಒಬ್ಬಳ ಕೈಯಲ್ಲಿ ಕೆಲಸ ಮಾಡುತ್ತಿರುವ ವಸ್ತುವಿನ ಬಗ್ಗೆ, ಅವಳ ಮುಂದೆಯೇ ಕೂತು, ಅದು ಅಟ್ಟದ ಮೇಲೆ ಬಿದ್ದ ಹಳೆ ಸಾಮಾನು ಅನ್ನೋ ಹಾಗೆ ಗಂಟೆಗಟ್ಟಲೆ ಮಾತಾಡಿದೆವಲ್ಲ, ಅದು ನನ್ನನ್ನು ಕಾಡ್ತಿದೆ. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಹೆಂಗಸರು ಬಳಸುವವರೆಗೆ ಬೀಸುವ ಕಲ್ಲು ಬರೀ ಕಲ್ಲು. ಅದನ್ನು ರೆಸಾರ್ಟಿನವರು ಬಾಗಿಲಲ್ಲಿ ಇಟ್ಟ ದಿನ ಪರಂಪರೆ. ಸೇರು, ಪಾವು, ಕಡೆಗೋಲು, ತಾಮ್ರದ ಹಂಡೆ ಎಲ್ಲದರ ಕತೆ ಇದೇ. ಈ ಕೋಲು ಕ್ಲಬ್ಬಿನಲ್ಲಿ ಎಷ್ಟು ವರ್ಷ ಇತ್ತೋ ಅದಕ್ಕಿಂತ ಹೆಚ್ಚು ಕಾಲ ಶಹಾಪುರದ ಪಡಸಾಲೆಯಲ್ಲಿ ದುಡಿದಿದೆ. ಆದರೂ ಅದರ ನಿಜವಾದ ಬದುಕು ಸಾಹೇಬರ ಮೇಜಿನ ಮೇಲಿನದು, ಇದೆಲ್ಲ ಏನೋ ದಾರಿ ತಪ್ಪಿದ್ದು ಅನ್ನೋ ಧಾಟಿ ಎಲ್ಲರ ಮಾತಿನಲ್ಲೂ ಇತ್ತು.

ಮಡಿಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಮಡಿಯ ಹೆಸರಿನಲ್ಲಿ ಯಾರನ್ನು ಎಷ್ಟು ದೂರ ನಿಲ್ಲಿಸಿದ್ದಾರೆ ಅನ್ನೋದು ಈ ಪಡಸಾಲೆಗೂ ಗೊತ್ತು. ಮಾರ್ಕರ್ ಕಾಕಾ "ಮುಟ್ಲೇನ್ರಿ" ಅಂತ ಕೇಳಿದಾಗ ನನಗೆ ಅವರ ಸೌಜನ್ಯದ ಜೊತೆ ಆ ಹಳೆಯ ಭಯವೂ ಕೇಳಿಸಿತು. ಎದೆ ಚುರ್ ಅಂತು. ಅತ್ಯಾನಿಗೂ ಕೇಳಿಸಿರಬೇಕು. ತಾನೇ ಎದ್ದು ಹೋಗಿ ಅವರಿಗೆ ಚಹಾ ತಂದುಕೊಟ್ಟಳು, ನಮ್ಮೆಲ್ಲರ ಕಪ್ಪಿನಲ್ಲೇ.

ಕೊನೆಗೆ ತೀರ್ಮಾನ ಮಾಡಿದವಳು ಅವಳೇ. ಕೋಲು ಗೂಟದ ಮೇಲೆ ಇರುತ್ತದೆ. ತಾನಿರುವ ತನಕ ಚರ್ಮದ ತುದಿ ಬೇಡ. ಆಮೇಲೆ ನನ್ನ ಮಗ ಏನಾದರೂ ಮಾಡಿಕೊಳ್ಳಲಿ, ಮಾರಕೂಡದು. ಬೂದಿ ಬಣ್ಣಕ್ಕೆ ತಿರುಗಿದ ಜಾಗಕ್ಕೆ ಅಗಸಿ ಎಣ್ಣೆ ಹಚ್ಚಿ ಒಣ ಬಟ್ಟೆಯಿಂದ ತಿಕ್ಕಿರಿ ಅಂದರು ಕಾಕಾ. ಆಶ್ ಮರದ ಕ್ಯೂಗಳಿಗೆ ಮೊದಲಿನಿಂದಲೂ ಅದನ್ನೇ ಹಚ್ಚುತ್ತಾರಂತೆ. ಅಗಸಿ ಚಟ್ನಿ ತಿಂದು ಬೆಳೆದ ನಮಗೆ ಅದೇನು ಕಷ್ಟ. ಬಿಲ್ಲೆಯ ತಗ್ಗಿಗೆ ಶೀಶಮ್ ಕಟ್ಟಿಗೆಯ ಚೂರು ಕೂಡಿಸಿ ಕೊಡ್ತೀನಿ, ಇಲ್ಲಾಂದ್ರೆ ನೀರು ಕೂತು ಒಳಗೆ ಕೊಳೆಯುತ್ತೆ ಅಂತಲೂ ಅಂದರು.

"ಯಾತರಿಂದ ಅಂಟಸ್ತೀರಿ?" ಅಂತ ಅತ್ಯಾ ಕೇಳಿದಳು.

"ಫೆವಿಕಾಲ್ ಬಾಯಾರ. ಅದರಾಗ ಪ್ರಾಣೀದು ಏನೂ ಇಲ್ಲ."

ಹೇಳಿ ಅವರು ನನ್ನ ಕಡೆ ಒಮ್ಮೆ ನೋಡಿದರು. ಅರ್ಥ ಆಯಿತು. ಹಳೆಯ ಕಾಲದ ಬಡಗಿಗಳ ಅಂಟೆಲ್ಲ ಚರ್ಮ, ಎಲುಬು ಕುದಿಸಿ ಮಾಡಿದ್ದು. ಎಬನಿಯ ಆ ನಾಲ್ಕು ನಾಲಿಗೆಗಳನ್ನು ಇಷ್ಟು ಕಾಲ ಹಿಡಿದಿಟ್ಟಿದ್ದೂ ಅದೇ ಇರಬೇಕು. ಅವರು ಹೋದ ಮೇಲೆ ಅತ್ಯಾನಿಗೆ ನಾನೇ ಹೇಳಿದೆ. ಮುಚ್ಚಿಡೋದು ಸರಿ ಅನಿಸಲಿಲ್ಲ.

ಅವಳು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡಿಕೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಮ್ಯಾಲಿಂದು ಅವ್ವ ತಗದ್ಲು. ಒಳಗಿಂದು ತಗದ್ರ ಕೋಲಽ ಇರೂದಿಲ್ಲಲ್ಲ" ಅಂದಳು. ಎದ್ದು ಬಾಲ್ದಿಯಲ್ಲಿದ್ದ ಸೀರೆ ಹಿಂಡಲು ಹೋದಳು.

ಪುಣೆಯ ವ್ಯಾಪಾರಿಗೆ ನಾನೇ ಉತ್ತರ ಬರೆದೆ: ಮಾರುವುದಿಲ್ಲ, ದಿನಾ ಬಳಸುತ್ತೇವೆ. ಮನೆಯಲ್ಲಿ ಸ್ನೂಕರ್ ಟೇಬಲ್ ಇದೆಯಾ, ಅದೂ ಹಳೆಯದಾ ಅಂತ ಅವರು ತಿರುಗಿ ಕೇಳಿದ್ದಾರೆ. ಮಗ ಈಗ ಶನಿವಾರ ಶನಿವಾರ ಮಾರ್ಕರ್ ಕಾಕಾನ ಹತ್ತಿರ ಬಿಲಿಯರ್ಡ್ಸ್ ಕಲಿಯಲು ಹೋಗುತ್ತೇನೆ ಅಂತಿದ್ದಾನೆ. ಮೂರೇ ಚೆಂಡಿನ ಆ ಆಟ ಪೂಲ್‌ಗಿಂತ ಕಷ್ಟವಂತೆ. ಕಾಕಾ ಶೀಶಮ್ ಚೂರು ತರೋದು ಗುರುವಾರ. ಊಟದ ಹೊತ್ತಿಗೇ ಬರಲಿ, ಆ ದಿನ ಹೋಳಿಗೆ ಮಾಡ್ತೀನಿ ಅಂದಿದ್ದಾಳೆ ಅತ್ಯಾ.